ಪಡಸಾಲೆಯ ಪರದೆಯೂ ಮನೆಯ ವಿವೇಕವೂ

ಒಂದು ಮನೆಗೆ ಯಾವ ವಸ್ತು ಬೇಕು, ಯಾವುದು ಬೇಡ ಎಂಬ ನಿರ್ಣಯವು ಮೇಲ್ನೋಟಕ್ಕೆ ಹಣಕಾಸಿನ ಪ್ರಶ್ನೆಯಂತೆ ತೋರುತ್ತದೆ. ಆದರೆ ನಮ್ಮ ಹಿರಿಯರು ಬಾವಿಯನ್ನು ಎಲ್ಲಿ ತೋಡಬೇಕು, ಒಲೆಯನ್ನು ಯಾವ ಮೂಲೆಯಲ್ಲಿ ಹೂಡಬೇಕು, ದೀಪವನ್ನು ಯಾವ ಗೂಡಿನಲ್ಲಿಡಬೇಕು ಎಂದು ಆಲೋಚಿಸುವಾಗ ಕೇವಲ ವೆಚ್ಚವನ್ನು ಎಣಿಸುತ್ತಿರಲಿಲ್ಲ. ಅದರಿಂದ ಮನೆಮಂದಿಯ ನಡಿಗೆ ಎತ್ತ ತಿರುಗೀತು, ಯಾರಿಗೆ ಅನುಕೂಲವಾದೀತು, ಯಾರಿಗೆ ಆಯಾಸವಾದೀತು ಎಂಬುದನ್ನೂ ತೂಗಿ ನೋಡುತ್ತಿದ್ದರು. ಇಂದಿನ ದಿನಮಾನದಲ್ಲಿ ಅಂಥದೇ ಒಂದು ಪ್ರಶ್ನೆ ಮನೆಮನೆಯ ಪಡಸಾಲೆಗೆ ಬಂದು ಕುಳಿತಿದೆ. ಟಿ.ವಿ.ಗೆ ಇರುವ ಕೇಬಲ್ ಸಂಪರ್ಕವನ್ನು ಉಳಿಸಿಕೊಳ್ಳಬೇಕೆ, ಇಲ್ಲವೆ ಅದನ್ನು ತೆಗೆಸಿ, ಒಟಿಟಿ ಎಂದು ಎಲ್ಲರ ಬಾಯಲ್ಲಿರುವ ಸ್ಟ್ರೀಮಿಂಗ್ ಸೇವೆಗಳಿಗೆ ಚಂದಾ ಕಟ್ಟಬೇಕೆ? ಪ್ರಶ್ನೆ ಸಣ್ಣದು, ಆದರೆ ಇದಕ್ಕೆ ಕೊಡುವ ಉತ್ತರದಲ್ಲಿ ಆ ಮನೆಯಲ್ಲಿ ಯಾರ ಸಮಯಕ್ಕೆ ಬೆಲೆಯಿದೆ ಎಂಬುದು ತಾನಾಗಿಯೇ ಪ್ರಕಟವಾಗುತ್ತದೆ.

ಟೆಲಿವಿಷನ್ ನಮ್ಮ ನಾಡಿನ ಹಳ್ಳಿಗಳಿಗೆ ಬಂದ ಬಗೆಯನ್ನು ಸ್ವಲ್ಪ ಸ್ಮರಿಸುವುದು ಉಚಿತ. 1959ರಲ್ಲಿ ದೆಹಲಿಯಲ್ಲಿ ಮೊದಲಾದ ಈ ಪ್ರಸಾರವು ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ಶ್ರೀಮಂತರ ಮಹಡಿಗಳಲ್ಲಿ ಅಲ್ಲ, ಹಳ್ಳಿಯ ಶಾಲೆಗಳ ಜಗಲಿಗಳಲ್ಲಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ‘ಸೈಟ್’ ಎಂಬ ಬೋಧನಾ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಸಾರ್ವಜನಿಕ ಟಿ.ವಿ.ಗಳನ್ನು ಇಟ್ಟಾಗ ಕರ್ನಾಟಕದ ಪಾಲಿಗೆ ಬಂದವು ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಕೋಳಿಬಲೆಯ ತಂತಿಯಿಂದ ಮಾಡಿದ ದೊಡ್ಡ ಛತ್ರಿಯು ಆಕಾಶದಿಂದ ಚಿತ್ರವನ್ನು ಇಳಿಸಿಕೊಳ್ಳುತ್ತಿತ್ತು. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ಹಿರಿಯರಿಗೆ ಬೇಸಾಯ, ಆರೋಗ್ಯ, ಮನರಂಜನೆ. ದಿನಕ್ಕೆ ಒಟ್ಟು ನಾಲ್ಕು ಗಂಟೆ. ಅಷ್ಟು ಮುಗಿದರೆ ಪೆಟ್ಟಿಗೆಗೆ ಬೀಗ. ಊರಿಗೆ ಊರೇ ಕೂಡಿ ನೋಡಿ, ಕೂಡಿಯೇ ಎದ್ದು ಹೋಗುತ್ತಿತ್ತು.

ಮುಂದೆ 1981ರಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ, 1982ರಲ್ಲಿ ಏಷ್ಯನ್ ಕ್ರೀಡಾಕೂಟದೊಡನೆ ಬಣ್ಣದ ಪ್ರಸಾರ, 1987ರಲ್ಲಿ ಭಾನುವಾರದ ಬೀದಿಗಳನ್ನು ನಿರ್ಜನಗೊಳಿಸಿದ ‘ರಾಮಾಯಣ’ ಧಾರಾವಾಹಿ ಬಂದುದು ಹಳೆಯ ವಿದ್ಯಾರ್ಥಿಗಳಾದ ವಾಚಕರಿಗೆ ವಿದಿತವೇ ಇದೆ. 1991ರ ಕೊಲ್ಲಿ ಯುದ್ಧದ ಕಾಲಕ್ಕೆ ನಗರಗಳಲ್ಲಿ ಕೇಬಲ್ ತಂತಿ ಹಬ್ಬತೊಡಗಿತು. 1994ರಲ್ಲಿ ಉದಯ ಟಿ.ವಿ. ಕನ್ನಡದ ಮೊದಲ ಖಾಸಗಿ ಉಪಗ್ರಹ ವಾಹಿನಿಯಾಗಿ ಮೈದಾಳಿತು. ಊರಿನ ಒಬ್ಬ ತರುಣನು ಛತ್ರಿಯೊಂದನ್ನು ನಿಲ್ಲಿಸಿ, ಕಂಬದಿಂದ ಕಂಬಕ್ಕೆ, ಬೇವಿನ ಮರದಿಂದ ಮಾಳಿಗೆಗೆ ತಂತಿ ಎಳೆದು, ತಿಂಗಳ ಮೊದಲ ವಾರ ಕೈಪುಸ್ತಕ ಹಿಡಿದು ಹಣಕ್ಕೆ ಬಂದು ನಿಲ್ಲುವ ವ್ಯವಸ್ಥೆ ಬೇರೂರಿತು. 1995ರಲ್ಲಿ ಇದಕ್ಕೊಂದು ಕಾಯಿದೆಯೂ, 2012ರಿಂದ ಹಂತಹಂತವಾಗಿ ಸೆಟ್ ಟಾಪ್ ಬಾಕ್ಸೂ ಬಂದವು.

ಸ್ಟ್ರೀಮಿಂಗಿನ ಕಥೆ ಇನ್ನೂ ಹೊಸತು. 2015ರಲ್ಲಿ ಹಾಟ್‌ಸ್ಟಾರ್, 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಅದೇ ವರ್ಷದ ಡಿಸೆಂಬರಿನಲ್ಲಿ ಅಮೆಜಾನ್ ಪ್ರೈಮ್ ವಿಡಿಯೋ ಭಾರತಕ್ಕೆ ಬಂದವು. ನಡುವೆ ಸೆಪ್ಟೆಂಬರಿನಲ್ಲಿ ಜಿಯೋ ಕಂಪನಿ ಅಗ್ಗದ ಡೇಟಾವನ್ನು ಹಳ್ಳಿಹಳ್ಳಿಗೆ ಹರಿಸಿತು. ಈ ಎರಡು ಮಾರ್ಗಗಳ ವ್ಯತ್ಯಾಸವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಕೇಬಲಿನಲ್ಲಿ ಒಂದು ವಾಹಿನಿಯನ್ನು ಒಂದು ಮನೆ ನೋಡಿದರೂ ನೂರು ಮನೆ ನೋಡಿದರೂ ತಂತಿಯಲ್ಲಿ ಹರಿಯುವ ಪ್ರಸಾರ ಒಂದೇ. ಅದು ಊರ ಕೆರೆಯ ಕಾಲುವೆಯಂತೆ ನಿಯತ ಕಾಲಕ್ಕೆ ಎಲ್ಲರ ಹೊಲದ ಮುಂದೆಯೂ ಹಾಯುತ್ತದೆ. ಸ್ಟ್ರೀಮಿಂಗಿನಲ್ಲಿ ಪ್ರತಿಯೊಬ್ಬ ವೀಕ್ಷಕನಿಗೂ ಪ್ರತ್ಯೇಕ ಪ್ರವಾಹ. ಅವನು ಕೇಳಿದಾಗ ಹೊರಡುತ್ತದೆ, ನಿಲ್ಲಿಸೆಂದಾಗ ನಿಲ್ಲುತ್ತದೆ. ಅವನು ಏನನ್ನು ನೋಡಿದ, ಎಲ್ಲಿ ಅರ್ಧಕ್ಕೆ ಬಿಟ್ಟ ಎಂಬುದನ್ನೆಲ್ಲ ದೂರದ ಕಂಪ್ಯೂಟರ್ ಬರೆದಿಟ್ಟುಕೊಂಡು, ಅದಕ್ಕನುಗುಣವಾಗಿ ಮುಂದಿನದನ್ನು ಸೂಚಿಸುತ್ತದೆ.

ಶಾಸ್ತ್ರಜ್ಞರು ಜೀವನವೃತ್ತಿಗಳನ್ನು ವರ್ಣಿಸುವಾಗ ಅಜಗರವೃತ್ತಿ, ಮಧುಕರವೃತ್ತಿ ಎಂದು ಎರಡು ಹೆಸರು ಹೇಳುವುದುಂಟು. ಬಿದ್ದಲ್ಲಿಯೇ ಬಿದ್ದಿದ್ದು ಬಾಯಿಗೆ ಬಂದುದನ್ನು ನುಂಗುವುದು ಹೆಬ್ಬಾವಿನ ವೃತ್ತಿ. ಹೂವಿನಿಂದ ಹೂವಿಗೆ ಹಾರಿ ಬೇಕಾದಷ್ಟನ್ನೇ ಹೀರಿ ಗೂಡಿಗೆ ಮರಳುವುದು ಜೇನಿನ ವೃತ್ತಿ. ಕೇಬಲ್ ನೋಡುವವರು ಹೆಬ್ಬಾವಿನಂತೆ ಕುಳಿತವರು, ಸ್ಟ್ರೀಮಿಂಗ್ ನೋಡುವವರು ಜೇನಿನಂತೆ ಆಯ್ದುಕೊಳ್ಳುವವರು ಎಂದು ತರುಣರು ವಾದಿಸುತ್ತಾರೆ. ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಒಂದು ಕಂತು ಮುಗಿದ ಕೆಲವೇ ಕ್ಷಣಗಳಲ್ಲಿ ಮತ್ತೊಂದು ಕಂತು ತಾನಾಗಿಯೇ ಆರಂಭವಾಗುವಂತೆ ಏರ್ಪಡಿಸಿದ ಮೇಲೆ ಹೂವೇ ಜೇನನ್ನು ಅಟ್ಟಿಸಿಕೊಂಡು ಬಂದಂತಾಯಿತು. ಗೂಡಿಗೆ ಮರಳುವ ಹೊತ್ತೇ ತಿಳಿಯದಾಯಿತು. ಆದುದರಿಂದ ವೃತ್ತಿಯು ಯಂತ್ರದಲ್ಲಿಲ್ಲ, ನೋಡುವವರಲ್ಲಿ ಇದೆ ಎನ್ನಬೇಕು. ಇದನ್ನು ವಿಶದಪಡಿಸಲು ಸಿಂಧನೂರಿನ ಒಂದು ಮನೆಯ ವೃತ್ತಾಂತವನ್ನು ನೆನೆಯಬಹುದು.

ಆ ಮನೆಯ ಯಜಮಾನರು ಪ್ರೌಢಶಾಲೆಯೊಂದರ ಅಧ್ಯಾಪಕರು. ಮನೆಯಲ್ಲಿ ಎಂಬತ್ತರ ಸಮೀಪದ ತಾಯಿ, ಪತ್ನಿ, ಒಂಬತ್ತನೆಯ ತರಗತಿಯ ಮಗಳು. ಹಿರಿಯ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ನೌಕರ. ತಾಯಿ ಓದುಬರಹ ಬಲ್ಲವರಲ್ಲ. 1975ರಲ್ಲಿ ರಾಯಚೂರು ಜಿಲ್ಲೆಯ ತಮ್ಮ ಹಳ್ಳಿಯ ಶಾಲೆಯ ಕಲ್ಲುಹಾಸಿನ ಮೇಲೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕುಳಿತು, ಆಕಾಶದಿಂದ ಇಳಿದ ಚಿತ್ರವನ್ನು ಕಂಡವರು. ಅಂದು ಮಡಿಲಲ್ಲಿದ್ದ ಆ ಕೂಸೇ ಇಂದಿನ ಅಧ್ಯಾಪಕರು. ಅಂದಿನಿಂದ ಇಂದಿನವರೆಗೆ ಆ ಮುದುಕಿಗೆ ಟಿ.ವಿ. ಎಂದರೆ ಹೊತ್ತು ಗೊತ್ತುಳ್ಳ ಒಂದು ಸಹವಾಸ. ಬೆಳಗಿನ ಭಕ್ತಿಗೀತೆ, ಮಧ್ಯಾಹ್ನದ ಹಳೆಯ ಚಲನಚಿತ್ರ, ಸಂಜೆಯ ಧಾರಾವಾಹಿ ಇವೇ ಅವರ ಗಡಿಯಾರ. ರಿಮೋಟಿನ ಮೇಲೆ ಯಾವ ಗುಂಡಿಯನ್ನು ಎಷ್ಟು ಸಲ ಒತ್ತಿದರೆ ಚಂದನ ಬರುತ್ತದೆಂಬುದು ಅವರ ಬೆರಳಿಗೆ ಗೊತ್ತು. ಸಂಜೆ ಧಾರಾವಾಹಿಯ ವೇಳೆಗೆ ಓಣಿಯ ಇಬ್ಬರು ಮೂವರು ವಯಸ್ಸಾದ ಹೆಣ್ಣುಮಕ್ಕಳು ಬಂದು ಪಡಸಾಲೆಯ ಚಾಪೆಯ ಮೇಲೆ ಕೂಡುವರು. ರಾತ್ರಿ, 2002ರಲ್ಲಿ ಆರಂಭವಾಗಿ ಸಾವಿರಾರು ಕಂತುಗಳನ್ನು ಕಂಡ ‘ಥಟ್ ಅಂತ ಹೇಳಿ’ ಕಾರ್ಯಕ್ರಮ. ಗೆದ್ದವರಿಗೆ ಕನ್ನಡ ಪುಸ್ತಕಗಳನ್ನೇ ಬಹುಮಾನವಾಗಿ ಕೊಡುವ ಆ ಪ್ರಶ್ನೋತ್ತರವನ್ನು ಅಧ್ಯಾಪಕರೂ ಮಗಳೂ ಪೈಪೋಟಿಯಿಂದ ನೋಡುವರು. ಮುದುಕಿ ಗೆದ್ದವರ ಪಕ್ಷ ವಹಿಸುವರು.

ಒಂದು ದೀಪಾವಳಿಗೆ ಊರಿಗೆ ಬಂದ ಮಗನು ಲೆಕ್ಕ ತೆಗೆದ. ಕೇಬಲಿಗೆ ತಿಂಗಳಿಗೆ ಮುನ್ನೂರು ಚಿಲ್ಲರೆ ರೂಪಾಯಿ. ಬರುವ ವಾಹಿನಿಗಳು ಇನ್ನೂರಕ್ಕೂ ಮಿಕ್ಕು. ಮನೆಯವರು ನೋಡುವವು ಆರೋ ಏಳೋ. ನೋಡದ ವಾಹಿನಿಗಳಿಗೇಕೆ ಹಣ ಎಂಬುದು ಅವನ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆಯೇ. ಬೇಕಾದ ವಾಹಿನಿಗೆ ಮಾತ್ರ ಹಣ ಕೊಡಲೆಂದೇ ಟ್ರಾಯ್ ಸಂಸ್ಥೆಯ ಹೊಸ ದರಪದ್ಧತಿ 2019ರಲ್ಲಿ ಜಾರಿಗೆ ಬಂದಿತು. ಆದರೆ ಅಂದು 100 ವಾಹಿನಿಗಳವರೆಗಿನ ಮೂಲ ಶುಲ್ಕ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ಹಣ ತೆತ್ತು ನೋಡುವ ವಾಹಿನಿಗಳ ಬೆಲೆ ಬೇರೆ. ಬಿಡಿಯಾಗಿ ಆರಿಸುವ ಜಂಜಾಟಕ್ಕಿಂತ ಕಟ್ಟಿಟ್ಟ ಪ್ಯಾಕೇ ಲೇಸೆಂದು ಬಹುಜನ ಮೊದಲಿನಂತೆಯೇ ಮುಂದುವರಿದರು. 2020ರಲ್ಲಿ ಅದೇ 130 ರೂಪಾಯಿಗೆ 200 ವಾಹಿನಿಗಳೆಂದಾಯಿತು. 2024ರಲ್ಲಿ ಆ ಶುಲ್ಕದ ಮಿತಿಯನ್ನೇ ತೆಗೆದುಹಾಕಲಾಯಿತು. ಅಂತೂ ಮಗನು ಕೇಬಲ್ ಬಿಡಿಸಿ, ಫೈಬರ್ ಇಂಟರ್ನೆಟ್ ಹಾಕಿಸಿ, ಹೊಸ ಸ್ಮಾರ್ಟ್ ಟಿ.ವಿ. ತಂದು, ಮೂರು ಸೇವೆಗಳಿಗೆ ತಾನೇ ಚಂದಾ ಕಟ್ಟಿ ಬೆಂಗಳೂರಿಗೆ ಹೊರಟುಹೋದ. ಅವನ ಅಂತಃಕರಣದಲ್ಲಿ ಕೊರತೆಯಿರಲಿಲ್ಲ.

ಮರುದಿನ ಮುದುಕಿ ರಿಮೋಟ್ ಒತ್ತಿದರು. ಪರದೆಯ ತುಂಬ ಬಣ್ಣಬಣ್ಣದ ಚೌಕಗಳು. ಮೊಮ್ಮಗಳು ಬಂದು ತೋರಿಸಿಕೊಟ್ಟಳು. ಅವಳು ಶಾಲೆಗೆ ಹೋದ ಮೇಲೆ ಮತ್ತೆ ಚೌಕಗಳೇ. ಫೋನಿನಲ್ಲಿ ವಿಚಾರಿಸಿದ ಮೊಮ್ಮಗನಿಗೆ ಮುದುಕಿ ಹೇಳಿದ ಮಾತು ಇಷ್ಟೆ: “ತಮ್ಮಾ, ಏನ್ ನೋಡ್ತಿ ಅಂತ ಇದು ನನ್ನ ಕೇಳತೈತಿ. ಏನೇನೈತಿ ಅಂತ ಗೊತ್ತಿದ್ರ ನಾ ಹೇಳ್ತಿದ್ದೆ.” ಈ ಮಾತಿನ ಆಳವನ್ನು ಗಮನಿಸಬೇಕು. ಆಯ್ಕೆ ಎಂಬುದು ಆಯ್ಕೆಯಾಗುವುದು, ಆಯ್ದುಕೊಳ್ಳುವ ವಿದ್ಯೆ ಇದ್ದವರಿಗೆ ಮಾತ್ರ. ಅಕ್ಷರ ಬಲ್ಲವನ ಕೈಗೆ ಗ್ರಂಥಾಲಯವನ್ನು ಕೊಟ್ಟರೆ ಅದು ಐಶ್ವರ್ಯ. ಬಾರದವರ ಮುಂದೆ ಅದೇ ಗ್ರಂಥಾಲಯ ಬರಿಯ ಗೋಡೆ. ಓಣಿಯ ಹೆಣ್ಣುಮಕ್ಕಳೂ ಬರುವುದನ್ನು ಬಿಟ್ಟರು. ಯಾರೂ ಬರಬೇಡಿರೆಂದಿರಲಿಲ್ಲ, ಯಾವುದು ಯಾವಾಗ ಆರಂಭವಾಗುತ್ತದೆಂಬುದೇ ಇಲ್ಲವಾದಾಗ ಯಾವ ಹೊತ್ತಿಗೆ ಬರಬೇಕೆಂಬುದೂ ಇಲ್ಲವಾಯಿತು. ಮಗಳು ತನ್ನ ಕೋಣೆಯಲ್ಲಿ ಮೊಬೈಲು ಹಿಡಿದಳು. ರಾತ್ರಿ ಹನ್ನೊಂದಕ್ಕೂ ಬೆಳಕು ಕಾಣುವುದು ವಾಡಿಕೆಯಾಯಿತು. ಹೊಸ ಟಿ.ವಿ. ಬಹುತೇಕ ಕಪ್ಪಾಗಿಯೇ ಇರುತ್ತಿತ್ತು. ಮುದುಕಿ ಅದರ ಎದುರಿಗೆ ಗೋಡೆಗೊರಗಿ ಕುಳಿತಿರುತ್ತಿದ್ದರು.

ಅಧ್ಯಾಪಕರಿಗೆ ಮನಸ್ಸು ಕಲಕಿತು. ಇಂಟರ್ನೆಟ್ ಕೀಳಿಸಿ ಮೊದಲಿನಂತೆ ಕೇಬಲನ್ನೇ ಹಾಕಿಸುವುದೆಂದು ಒಂದು ರಾತ್ರಿ ಊಟದ ವೇಳೆಗೆ ಸಾರಿದರು. ಎಲ್ಲರೂ ಸುಮ್ಮನಿದ್ದರು. ಆಗ, ಇಂಥ ವಿಷಯದಲ್ಲಿ ಎಂದೂ ಬಾಯಿ ಹಾಕದ ಅವರ ಪತ್ನಿ ರೊಟ್ಟಿಯ ಬುಟ್ಟಿಯನ್ನು ಕೆಳಗಿಟ್ಟು ಹೇಳಿದರು: “ಅತ್ತಿಯವರ ಧಾರಾವಾಹಿ ಸುರು ಆಗೂ ಹೊತ್ತಿಗೇ ನನ್ನ ಹಂಚು ಕಾದಿರತೈತ್ರಿ. ಇಷ್ಟು ವರ್ಷ ಎಲ್ಲಾ ಬರೇ ಕಿವಿಲೇ ಕೇಳೇನಿ. ಈಗ ಒಂದು ತಿಂಗಳಾತು, ಕೆಲಸ ಮುಗಿಸಿ ಹತ್ತು ಗಂಟೇಕ್ಕ ಕುಂತು ಮಾರಿ ನೋಡಾಕತ್ತೇನಿ.”

ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದವರಿಗೂ ಈ ಸಂಗತಿ ಹೊಳೆದಿರಲಿಲ್ಲ. ಪಡಸಾಲೆಯಲ್ಲಿ ಎಲ್ಲರೂ ಕೂಡಿ ನೋಡುತ್ತಿದ್ದೆವೆಂಬ ‘ಎಲ್ಲರೂ’ ಎಂಬ ಶಬ್ದದಲ್ಲಿ ಒಬ್ಬರು ಸೇರಿರಲೇ ಇಲ್ಲ. ಕೇಬಲಿನ ನಿಯತಕಾಲವು ಅತ್ತೆಗೆ ಗಡಿಯಾರವಾಗಿದ್ದಂತೆ ಸೊಸೆಗೆ ಗೋಡೆಯಾಗಿತ್ತು. ಒಲೆಯ ಮುಂದೆ ನಿಂತವಳು ಧಾರಾವಾಹಿಯ ಪಾತ್ರಗಳನ್ನು ದನಿಯಿಂದ ಬಲ್ಲಳು, ಮುಖದಿಂದ ಅರಿಯಳು. ಸ್ಟ್ರೀಮಿಂಗು ಆಕೆಗೆ ಕೊಟ್ಟದ್ದು ವಿಲಾಸವಲ್ಲ. ದಿನದಲ್ಲಿ ತನ್ನದೆನ್ನಬಹುದಾದ ಮೊದಲ ಅರ್ಧ ಗಂಟೆ. ಹಳೆಯದೆಲ್ಲ ಒಳ್ಳೆಯದು, ಕೂಡಿ ನೋಡುವುದೇ ಸಂಸ್ಕೃತಿ ಎಂದು ಹೊಗಳುವವರು ಈ ಹಂಚಿನ ಮುಂದಿನ ಸಾಕ್ಷ್ಯವನ್ನು ಕೇಳಿದ ಮೇಲೆ ಹೊಗಳುವುದು ಲೇಸು.

ಅಧ್ಯಾಪಕರು ಮತ್ತೊಮ್ಮೆ ಲೆಕ್ಕಕ್ಕೆ ಕುಳಿತರು. ಸ್ಟ್ರೀಮಿಂಗು ಅಗ್ಗವೆಂಬ ಮಾತು ಪೂರ್ತಿ ನಿಜವಲ್ಲವೆಂಬುದು ಅವರಿಗೆ ತಿಳಿದುಬಂದಿತು. ಚಂದಾ ಒಂದಾದರೆ ಡೇಟಾದ ಬೆಲೆ ಮತ್ತೊಂದು. ಸ್ಫುಟವಾದ ಎಚ್.ಡಿ. ಚಿತ್ರವು ಗಂಟೆಗೆ 3 ಜಿಬಿಯವರೆಗೆ ಡೇಟಾ ನುಂಗಬಲ್ಲುದು, ದಿನಕ್ಕೆ 1.5 ಜಿಬಿಯ ಮೊಬೈಲ್ ಪ್ಯಾಕು ಆ ಲೆಕ್ಕದಲ್ಲಿ ಅರ್ಧ ಗಂಟೆಗೆ ಬರಿದು. ಬೆಲೆಯೂ ನಿಂತಲ್ಲಿ ನಿಲ್ಲುವುದಿಲ್ಲ. ಅಮೆಜಾನ್ ಪ್ರೈಮಿನ ವಾರ್ಷಿಕ ಚಂದಾ 2021ರ ಡಿಸೆಂಬರಿನಲ್ಲಿ 999 ರೂಪಾಯಿಯಿಂದ 1,499ಕ್ಕೆ ಏರಿತು. ಅದೇ ತಿಂಗಳು ನೆಟ್‌ಫ್ಲಿಕ್ಸಿನ ಮೊಬೈಲ್ ಚಂದಾ 199ರಿಂದ 149ಕ್ಕೆ ಇಳಿಯಿತು. ಜಾಹೀರಾತಿಲ್ಲದಿರುವುದೇ ಹೆಗ್ಗಳಿಕೆಯೆಂದಿದ್ದ ಪ್ರೈಮ್ ವಿಡಿಯೋದಲ್ಲಿ 2025ರ ಜೂನ್ ತಿಂಗಳಿನಿಂದ ಜಾಹೀರಾತು ಬಂದಿತು. 2023ರಲ್ಲಿ ಐಪಿಎಲ್ ಪಂದ್ಯಗಳನ್ನು ಪುಕ್ಕಟೆಯಾಗಿ ತೋರಿಸಿದ ಜಿಯೋಸಿನಿಮಾ, 2025ರ ಫೆಬ್ರವರಿಯಲ್ಲಿ ಡಿಸ್ನಿ ಹಾಟ್‌ಸ್ಟಾರಿನೊಡನೆ ಕೂಡಿ ಜಿಯೋಹಾಟ್‌ಸ್ಟಾರ್ ಎಂಬ ಒಂದೇ ಸೇವೆಯಾಯಿತು. ಅಷ್ಟೇ ಅಲ್ಲ, ಇಂದು ಅಲ್ಲಿರುವ ಚಿತ್ರ ಹಕ್ಕಿನ ಅವಧಿ ತೀರಿದರೆ ನಾಳೆ ಇರಲಾರದು. ಚಂದಾ ಕಟ್ಟಿದವನು ಕೊಂಡದ್ದು ಗ್ರಂಥವನ್ನಲ್ಲ, ಓದುವ ಅನುಮತಿಯನ್ನು.

ಕನ್ನಡದ ದೃಷ್ಟಿಯಿಂದಲೂ ವಿಚಾರಿಸಬೇಕಾದ ಅಂಶವಿದೆ. ಕೇಬಲಿನಲ್ಲಿ ಕನ್ನಡದ ಮನರಂಜನೆ, ಸುದ್ದಿ, ಚಲನಚಿತ್ರ, ಸಂಗೀತದ ವಾಹಿನಿಗಳು ಸಾಲಾಗಿವೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ‘ಸಂವೇದ’ ಎಂಬ ಹೆಸರಿನಲ್ಲಿ ಪ್ರೌಢಶಾಲೆಯ ಪಾಠಗಳನ್ನು ಮನೆಮನೆಗೆ ಮುಟ್ಟಿಸಿದ್ದು ಚಂದನ ವಾಹಿನಿ. ಫೋನಿಲ್ಲದ ಮಕ್ಕಳಿಗೂ ಅದು ದೊರಕಿತು. ಸ್ಟ್ರೀಮಿಂಗಿನಲ್ಲಿಯೂ ಕನ್ನಡಕ್ಕೆ ಬಾಗಿಲು ತೆರೆಯದಿಲ್ಲ. 2020ರ ಜುಲೈಯಲ್ಲಿ ‘ಲಾ’, ‘ಫ್ರೆಂಚ್ ಬಿರಿಯಾನಿ’ ಎಂಬ ಚಿತ್ರಗಳು ಚಿತ್ರಮಂದಿರಕ್ಕೆ ಹೋಗದೆ ನೇರವಾಗಿ ಅಲ್ಲಿಗೇ ಬಂದವು. ಆದರೂ ಆ ಬಾಗಿಲು ಕಿರಿದು. ರಕ್ಷಿತ್ ಶೆಟ್ಟಿಯವರ ಸಂಸ್ಥೆಯ ‘ಏಕಂ’ ಎಂಬ ಕನ್ನಡ ಕಥಾಮಾಲಿಕೆಯನ್ನು ಕೊಳ್ಳಲು ದೊಡ್ಡ ಸೇವೆಗಳು ಮುಂದೆ ಬಾರದಿರಲು, 2024ರಲ್ಲಿ ಅದನ್ನು ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಯಾವ ಭಾಷೆಯವರು ಹಣ ಕೊಟ್ಟು ನೋಡುವರೋ ಆ ಭಾಷೆಗೆ ಅಂಗಡಿ ತೆರೆಯುತ್ತದೆ. ಕನ್ನಡಿಗನು ಚಂದಾ ಕಟ್ಟಿ ಪರಭಾಷೆಯದನ್ನೇ ನೋಡಿದರೆ, ಅದನ್ನೂ ದೂರದ ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ.

ಇನ್ನು ಮಕ್ಕಳ ವಿಷಯ. 2021ರ ಫೆಬ್ರವರಿಯ ಕೇಂದ್ರ ಸರಕಾರದ ನಿಯಮಗಳ ಪ್ರಕಾರ ಸ್ಟ್ರೀಮಿಂಗ್ ಸೇವೆಗಳು ಪ್ರತಿಯೊಂದು ಕೃತಿಗೂ ವಯಸ್ಸಿನ ಗುರುತು ಹಾಕಬೇಕು. ಹದಿಮೂರು ವರ್ಷದ ಮೇಲ್ಪಟ್ಟವರಿಗೆಂದು ಗುರುತಿಸಿದವಕ್ಕೆ ಬೀಗ ಹಾಕುವ ಸೌಕರ್ಯವನ್ನು ಪಾಲಕರಿಗೆ ಕೊಡಬೇಕು. ಬೀಗವೇನೋ ಇದೆ, ಅದನ್ನು ಹಾಕುವ ಕ್ರಮವನ್ನು ತಂದೆಗೆ ಮಗಳೇ ಕಲಿಸಬೇಕಾದ ಕಾಲವಿದು. ಆ ಅಧ್ಯಾಪಕರು ಬೀಗಕ್ಕಿಂತ ಬೇರೆ ದಾರಿ ಹುಡುಕಿದರು. ಶನಿವಾರ ರಾತ್ರಿ ಮಗಳು ತನಗೆ ಬೇಕಾದುದನ್ನು ಪಡಸಾಲೆಯ ಪರದೆಯ ಮೇಲೆ ಹಾಕಬೇಕು, ಅಜ್ಜಿಗೆ ಅದರ ಕಥೆ ಹೇಳಬೇಕು ಎಂದು ಒಪ್ಪಂದವಾಯಿತು. ಇಂಗ್ಲಿಷ್, ಕೊರಿಯನ್ ಕಥೆಗಳನ್ನು ಕನ್ನಡದಲ್ಲಿ ಹೇಳತೊಡಗಿದಾಗ ಅವಳಿಗೊಂದು ಅನುಭವವಾಯಿತು. ಕೆಲವು ಕಥೆಗಳನ್ನು ಹೇಳುತ್ತಾ ಹೋದಂತೆ ಅಜ್ಜಿ ಕಣ್ಣರಳಿಸಿ, “ಮುಂದ?” ಎನ್ನುವರು. ಕೆಲವನ್ನು ಎರಡು ಮಾತಿನಲ್ಲಿ ಹೇಳಿದರೆ ಮುಗಿದೇ ಹೋಗುವುದು. ಉಳಿದದ್ದು ಬರಿಯ ಬೆಳಕು, ಸದ್ದು. ಯಾವುದು ಕಾಳು, ಯಾವುದು ಹೊಟ್ಟು ಎಂಬುದನ್ನು ಯಾವ ಬೀಗವೂ ಕಲಿಸದಷ್ಟು ಚೆನ್ನಾಗಿ ಆ ಹೇಳಿಕೆ ಕಲಿಸಿತು. ಮೊದಮೊದಲು ಮುಖ ಊದಿಸಿಕೊಂಡಿದ್ದ ಹುಡುಗಿ ಪೂರ್ತಿ ಸಮಾಧಾನಗೊಂಡಳೆಂದಲ್ಲ. ಗೆಳತಿಯರು ನೋಡಿದ್ದನ್ನೆಲ್ಲ ತಾನು ನೋಡಲಾಗುವುದಿಲ್ಲವೆಂಬ ಕೊರಗು ಅವಳಿಗೆ ಈಗಲೂ ಇದೆ.

ಕಡೆಗೆ ಆ ಮನೆಯಲ್ಲಿ ನಡೆದ ಏರ್ಪಾಡು ಇದು. ಕೇಬಲನ್ನು ಕಡಿಮೆ ಬೆಲೆಯ ಪ್ಯಾಕಿನೊಡನೆ ಮರಳಿ ಹಾಕಿಸಿದರು. ತಿಂಗಳ ಶುಲ್ಕವೇ ಇಲ್ಲದ ದೂರದರ್ಶನದ ಫ್ರೀ ಡಿಶ್ ಛತ್ರಿಯ ವಿಚಾರವೂ ಬಂದಿತ್ತು. ಚಂದನ ಅದರಲ್ಲಿದ್ದರೂ ಮುದುಕಿಯ ಧಾರಾವಾಹಿಯ ವಾಹಿನಿ ಇರಲಿಲ್ಲವಾಗಿ ಅದನ್ನು ಕೈಬಿಟ್ಟರು. ಇಂಟರ್ನೆಟ್ ಉಳಿಯಿತು; ಮೂರು ಸೇವೆಗಳ ಪೈಕಿ ಒಂದನ್ನು ಮಾತ್ರ ಇಟ್ಟುಕೊಂಡು, ಬೇಕೆನಿಸಿದಾಗ ಅದನ್ನು ಬಿಟ್ಟು ಇನ್ನೊಂದಕ್ಕೆ ಕಟ್ಟುವುದೆಂದಾಯಿತು. 2024ರ ನವೆಂಬರಿನಲ್ಲಿ ಪ್ರಸಾರ ಭಾರತಿಯು ‘ವೇವ್ಸ್’ ಎಂಬ ತನ್ನದೇ ಸೇವೆಯನ್ನು ಆರಂಭಿಸಿದುದನ್ನು ತಿಳಿದು, ದೂರದರ್ಶನದ ಹಳೆಯ ಕಾರ್ಯಕ್ರಮಗಳಿಗಾಗಿ ಅದನ್ನೂ ಇಳಿಸಿಕೊಂಡರು. ಮೊಬೈಲುಗಳು ರಾತ್ರಿ ಪಡಸಾಲೆಯಲ್ಲಿಯೇ ಚಾರ್ಜಿಗೆ ನಿಲ್ಲತೊಡಗಿದವು. ಆದರೆ ಎಲ್ಲಕ್ಕಿಂತ ಮುಖ್ಯವಾದ ಬದಲಾವಣೆ ತಂತಿಗೆ ಸಂಬಂಧಿಸಿದುದೇ ಅಲ್ಲ. ಊಟದ ವೇಳೆ ಒಂದು ಗಂಟೆ ಹಿಂದೆ ಸರಿಯಿತು. ಶಾಲೆಯಿಂದ ಬಂದ ಅಧ್ಯಾಪಕರು ಕಾಯಿಪಲ್ಲೆ ಹೆಚ್ಚುವುದನ್ನೂ, ಮಗಳು ಬಡಿಸಿ ಪಾತ್ರೆ ಎತ್ತುವುದನ್ನೂ ತಮ್ಮ ಪಾಲಿಗೆ ತೆಗೆದುಕೊಂಡರು. ಧಾರಾವಾಹಿಯ ಹಾಡು ಮೊಳಗುವ ಹೊತ್ತಿಗೆ ಹಂಚು ತಣ್ಣಗಾಗಿರುತ್ತಿತ್ತು; ಅತ್ತೆಯ ಪಕ್ಕದಲ್ಲಿ ಸೊಸೆ ಕುಳಿತಿರುತ್ತಿದ್ದರು. ಕೆಲವು ವಾರಗಳಲ್ಲಿ ಓಣಿಯ ಹೆಣ್ಣುಮಕ್ಕಳೂ ಮರಳಿ ಬಂದರು.

ಲೌಕಿಕ ನ್ಯಾಯಗಳಲ್ಲಿ ದೇಹಲೀದೀಪನ್ಯಾಯ ಎಂಬುದೊಂದಿದೆ. ಹೊಸ್ತಿಲ ಮೇಲಿಟ್ಟ ದೀಪ ಒಳಗನ್ನೂ ಹೊರಗನ್ನೂ ಏಕಕಾಲಕ್ಕೆ ಬೆಳಗುತ್ತದೆ. ಮನೆಗೆ ತರುವ ಯಾವ ಯಂತ್ರವಾದರೂ ಹೊಸ್ತಿಲ ದೀಪದಂತಿರಬೇಕು. ಪಡಸಾಲೆಯನ್ನು ಬೆಳಗಿ ಅಡಿಗೆಮನೆಯನ್ನು ಕತ್ತಲಲ್ಲಿಡುವುದೂ ಸಲ್ಲದು, ತರುಣರ ಕೋಣೆಯನ್ನು ಬೆಳಗಿ ಮುದುಕರ ಮೂಲೆಯನ್ನು ಕತ್ತಲಲ್ಲಿಡುವುದೂ ಸಲ್ಲದು. ಕೇಬಲ್ ಒಂದೇ ಇದ್ದ ಕಾಲದಲ್ಲಿ ಮೊದಲನೆಯ ತಪ್ಪಾಗಿತ್ತು. ಸ್ಟ್ರೀಮಿಂಗ್ ಒಂದೇ ಆದಾಗ ಎರಡನೆಯದಾಯಿತು. ದೀಪ ಬೇರೆಯಾಯಿತೇ ಹೊರತು ಅದನ್ನಿಟ್ಟ ಸ್ಥಳದ ದೋಷ ಹಾಗೆಯೇ ಉಳಿಯಿತು.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಇಂದು ದೂರದ ನಗರಗಳಲ್ಲಿ, ಪರದೇಶಗಳಲ್ಲಿ ನೆಲೆಸಿ, ಊರಿನ ತಂದೆತಾಯಿಗಳ ಮನೆಯ ಬಿಲ್ಲುಗಳನ್ನು ಅಲ್ಲಿಂದಲೇ ಕಟ್ಟುತ್ತಾರೆ. ಅದು ಮೆಚ್ಚತಕ್ಕ ಕರ್ತವ್ಯನಿಷ್ಠೆ. ಆದರೆ ಒಂದು ಸಂಪರ್ಕವನ್ನು ಬಿಡಿಸಿ ಇನ್ನೊಂದನ್ನು ಹಾಕಿಸುವ ಮುನ್ನ ಅವರು ಎರಡು ಫೋನ್ ಕರೆ ಮಾಡಲಿ. ಹಗಲೆಲ್ಲ ಆ ಪರದೆಯ ಎದುರಿಗೆ ಒಬ್ಬರೇ ಕೂಡುವವರನ್ನು ಕೇಳಲಿ. ಅದರ ಎದುರಿಗೆ ಕೂಡಲು ಹೊತ್ತೇ ಸಿಗದವರನ್ನೂ ಕೇಳಲಿ. ಎರಡನೆಯ ಕರೆಯನ್ನು ರೊಟ್ಟಿ ಬಡಿಯುವ ವೇಳೆಗೆ ಮಾಡದಿರಲಿ.